ರತ್ನಮ್ಮನ ಕಂಠಕ್ಕೆ ಕೂರಿಸಿದ ಪೆಟ್ಟಿಗೆ

ಆಂಡರ್ಸನ್‌ಪೇಟೆಯ ಬಜಾರಿನಲ್ಲಿ ಸೊಣ್ಣಪ್ಪನ ಅಂಗಡಿಗೆ ಬೋರ್ಡು ಇರಲಿಲ್ಲ. ಹಳೇ ಸಾಮಾನು ಅಂತ ಬರೆಸಿಬಿಟ್ಟರೆ ಗಿರಾಕಿ ಬಾಗಿಲಲ್ಲೇ ಅರ್ಧ ಬೆಲೆ ಇಳಿಸಿಕೊಂಡು ಒಳಗೆ ಬರುತ್ತಾನೆ ಎನ್ನುವುದು ಅವನ ಎಣಿಕೆ. ಗಣಿಯ ದೊರೆಗಳು ಬಂಗಲೆ ಖಾಲಿ ಮಾಡಿ ಹಡಗು ಹತ್ತಿದ ಕಾಲದಲ್ಲಿ ಹರಾಜಾದ ಸಾಮಾನುಗಳಲ್ಲಿ ಮುಕ್ಕಾಲು ಪಾಲು ಅವನ ಕೈ ದಾಟಿಯೇ ಊರು ಸೇರಿದ್ದವು. ದೊರೆಸಾನಿ ಸ್ನಾನ ಮಾಡುತ್ತಿದ್ದ ಪಿಂಗಾಣಿ ತೊಟ್ಟಿಯನ್ನು ಎಮ್ಮೆ ಸಾಕಿದವನಿಗೆ ಬೂಸಾ ನೆನೆಸಲು ಮಾರಿದ್ದ. ಟೋಪಿ ತೂಗುಹಾಕುವ ಮರದ ಕಂಬ ಬಾಳೆಹಣ್ಣಿನ ಅಂಗಡಿಯಲ್ಲಿ ಗೊನೆ ಹೊತ್ತು ನಿಂತಿತ್ತು. ದೊರೆಗಳ ಕಮೋಡು ಕುರ್ಚಿಯೊಂದನ್ನು ಮಾತ್ರ ಯಾರಿಗೆ ಏನೆಂದು ಹೇಳಿ ಮಾರಿದನೋ ಅವನೂ ಬಾಯಿ ಬಿಡಲಿಲ್ಲ, ಕೊಂಡವರೂ ಬಿಡಲಿಲ್ಲ.

ಮಾಲಿನ ದೋಷವನ್ನು ತಾನೇ ಮೊದಲು ಹೇಳಿಬಿಡುವುದು ಅವನ ಪದ್ಧತಿ. 'ಈ ಕುರ್ಚಿಗೆ ಹಿಂಗಾಲು ಸ್ವಲ್ಪ ಅಲ್ಲಾಡ್ತದೆ ನೋಡಪ್ಪ' ಎಂದು ತಾನೇ ಅಲ್ಲಾಡಿಸಿ ತೋರಿಸುತ್ತಿದ್ದ. ಊರಿನವರು ಇದನ್ನು ಪ್ರಾಮಾಣಿಕತೆ ಎಂದು ಕರೆಯುತ್ತಿದ್ದರು, ಅವನೂ ಬೇಡವೆನ್ನುತ್ತಿರಲಿಲ್ಲ. ನಿಜವೇನೆಂದರೆ, ಒಂದು ದೋಷ ತೋರಿಸಿಕೊಂಡ ಗಿರಾಕಿ ಎರಡನೆಯದನ್ನು ಹುಡುಕುವುದಿಲ್ಲ. ಮನಸ್ಸು ಹಗುರಾಗಿ ಜೇಬಿಗೆ ಕೈ ಹಾಕುತ್ತಾನೆ.

ಹುಟ್ಟಿದ್ದು ಬಂಗಾರಪೇಟೆ ಪಕ್ಕದ ಹಳ್ಳಿಯಲ್ಲಿ. ಮನೆಯಲ್ಲಿ ಒಂದಿಷ್ಟು ರಾಗಿ ಹೊಲ, ಎರಡು ಎಮ್ಮೆ. ಹದಿನಾಲ್ಕನೇ ವಯಸ್ಸಿಗೇ ಹಾಲಿನ ಕ್ಯಾನು ಹೊತ್ತು ಬೆಳಗಿನ ರೈಲಿನಲ್ಲಿ ನಂದಿದುರ್ಗ ಗಣಿಯ ಬಂಗಲೆಗಳಿಗೆ ಬರುತ್ತಿದ್ದ. ಹಿತ್ತಲ ಬಾಗಿಲಲ್ಲಿ ಬಟ್ಲರುಗಳು ಖಾಲಿ ಬಾಟಲಿ ಮಾರುವುದು ಕಣ್ಣಿಗೆ ಬಿತ್ತು. ಹಾಲಿಗಿಂತ ಬಾಟಲಿ ವಾಸಿ, ಕೆಡುವುದಿಲ್ಲ, ನೀರು ಬೆರೆಸುವ ಪಾಪವೂ ಇಲ್ಲ. ಬಾಟಲಿಯಿಂದ ಕುರ್ಚಿಗೆ, ಕುರ್ಚಿಯಿಂದ ಬೀರುವಿಗೆ ಬಂದ. ಇಪ್ಪತ್ತೈದಾಗುವ ಹೊತ್ತಿಗೆ ಅಂಗಡಿ ಹಾಕಿದ, ಅದರ ಹಿಂದೆಯೇ ಒಂದು ಕೋಣೆ, ಒಂದು ಅಡುಗೆಮನೆ.

ಮದುವೆಯೂ ವ್ಯಾಪಾರದ ದಾರಿಯಲ್ಲೇ ಸಿಕ್ಕಿತು. ಬಂಗಾರಪೇಟೆ ಸ್ಟೇಷನ್ನಿನ ಹತ್ತಿರ ವೀಳ್ಯದೆಲೆ ಮಾರುವ ಒಬ್ಬ ಮುದುಕನಿದ್ದ. ಒಂದು ದಿನ ಎಲೆ ಕೊಳ್ಳಲು ನಿಂತಾಗ ಒಳಗಿನಿಂದ ಹೆಣ್ಣುಮಗಳೊಬ್ಬಳು ಹಾಡುವುದು ಕೇಳಿತು. ಎತ್ತರದ ದನಿಯೂ ಅಲ್ಲ, ತಗ್ಗಿನದೂ ಅಲ್ಲ, ಎಲ್ಲೋ ನಡುವೆ, ತನ್ನದೇ ಒಂದು ಜಾಗ ಮಾಡಿಕೊಂಡು ಕೂತ ದನಿ. ಮುದುಕ ಎಲೆಗೆ ಹೇಳಿದ ಬೆಲೆಯನ್ನು ಸೊಣ್ಣಪ್ಪ ಹಾಗೇ ಕೊಟ್ಟ. ಚೌಕಾಸಿ ಮಾಡದೆ ಅವನು ಏನನ್ನಾದರೂ ಕೊಂಡಿದ್ದು ಅದೇ ಮೊದಲು, ಅದೇ ಕೊನೆ. ಎಲೆ ಮಾರಿ ಮುದುಕನಾದವನಿಗೆ ಅಷ್ಟು ತಿಳಿಯದೇ? ಆರು ತಿಂಗಳಲ್ಲಿ ಮಗಳು ವೆಂಕಟರತ್ನಮ್ಮನನ್ನು ಧಾರೆ ಎರೆದುಕೊಟ್ಟ.

ಆ ಪೆಟ್ಟಿಗೆ ಬಂದಿದ್ದು ಐವತ್ತೆಂಟರ ಹರಾಜಿನಲ್ಲಿ. ಮುಖ ತೊಳೆಯುವ ಒಂದು ಮರದ ಸ್ಟ್ಯಾಂಡು ಕೊಂಡು ಮನೆಗೆ ತಂದು ನೋಡಿದರೆ ಕೆಳಗಿನ ಡ್ರಾಯರಿನಲ್ಲಿ ಏನೋ ಮುದುರಿಕೊಂಡು ಕೂತಿತ್ತು. ಆರು ಮೂಲೆ. ಎರಡೂ ಕಡೆ ಜಾಲಂಧ್ರದ ಹಾಗೆ ಕೊರೆದ ಮರದ ತಟ್ಟೆ, ತಟ್ಟೆಯ ಮೇಲೆ ಮೂಳೆಯ ಪುಟ್ಟ ಪುಟ್ಟ ಗುಂಡಿಗಳು, ನಡುವೆ ಹಸಿರು ಚರ್ಮದ ತಿದಿ. ಲಾಂದ್ರ ಇರಬೇಕು ಎಂದುಕೊಂಡು ಬತ್ತಿ ಹುಡುಕಲು ಎಳೆದ. ಅದು ಉಸಿರು ತೆಗೆದುಕೊಂಡಿತು. ಕೈ ಗುಂಡಿಯ ಮೇಲೆ ಬಿದ್ದಾಗ ದನಿ ಹೊರಟಿತು. ರತ್ನಮ್ಮ ಒಲೆ ಬಿಟ್ಟು ಓಡಿ ಬಂದಳು. ಹರಾಜಿನ ಗುಮಾಸ್ತ ಅದನ್ನು ಕನ್ಸರ್ಟೀನ ಎಂದ. ಆಂಡರ್ಸನ್‌ಪೇಟೆಗೆ ಅಷ್ಟುದ್ದ ನಾಲಗೆ ತಿರುಗದೆ ಆರುಮೂಲೆ ಪೆಟ್ಟಿ ಎಂದಿತು. ಹೊಸದಾಗಿದ್ದಾಗ ಕೊಂಡವನ ಮೊಮ್ಮಗನೂ ಸತ್ತಿರಬೇಕು, ಅಷ್ಟು ಹಳೆಯದು.

ರತ್ನಮ್ಮನಿಗೆ ಆಗ ಶನಿವಾರದ ಭಜನೆಯಲ್ಲಿ ಒಂದು ಕಷ್ಟವಿತ್ತು. ಭಜನೆಯ ಹಾರ್ಮೋನಿಯಂ ಮೇಷ್ಟ್ರು ಶ್ರುತಿಗೆಂದು ಒತ್ತಿ ಹಿಡಿದ ಮನೆಗೆ, ಅಂದರೆ ಕಟ್ಟೆಗೆ, ಎಲ್ಲರೂ ಹಾಡಬೇಕು. ಒಂದು ಮನೆ ಹಿಡಿದರೆ ಅವಳ ದನಿ ಅಡಿಗೆ ಬೀಳುತ್ತಿತ್ತು, ಪಕ್ಕದ ಮನೆ ಹಿಡಿದರೆ ಎಳೆದಾಡುತ್ತಿತ್ತು. ಸ್ವರ ಇರುವ ಕಡೆಗೆ ಗಂಟಲು ಬರಬೇಕೇ ಹೊರತು ಗಂಟಲಿರುವ ಕಡೆಗೆ ಸ್ವರ ಬರುವುದಿಲ್ಲ ಎಂದು ಮೇಷ್ಟ್ರು ಎಲ್ಲರೆದುರು ಹೇಳಿದರು. ಅವಳು ಮನೆಗೆ ಬಂದು ಸಾರಿಗೆ ಉಪ್ಪು ಹಾಕುವುದನ್ನು ಮರೆತಳು, ಅಷ್ಟೆ. ಉಪ್ಪಿಲ್ಲದ ಸಾರು ಉಂಡ ಸೊಣ್ಣಪ್ಪ ಮಾರನೇ ದಿನ ಪೆಟ್ಟಿಗೆಯನ್ನು ಕಂಕುಳಲ್ಲಿಟ್ಟುಕೊಂಡು ಗಣಿ ಕೆಲಸಗಾರರ ಮನೆಗಳಿದ್ದ ಕೋರಮಂಡಲ್ ಲೈನಿಗೆ ಹೋದ. ಅಲ್ಲಿ ಕುಪ್ಪುಸ್ವಾಮಿ ಇದ್ದ. ಗಣಿಯ ಮಿಲ್ಲಿನಲ್ಲಿ ಫಿಟ್ಟರು, ಬಿಡುವಿನಲ್ಲಿ ಹಾರ್ಮೋನಿಯಂ ರಿಪೇರಿ, ಇಡೀ ಗಣಿಯಲ್ಲಿ ಅವನಷ್ಟು ಸಣ್ಣಗೆ ಅರ ಆಡಿಸುವ ಕೈ ಇನ್ನೊಂದಿರಲಿಲ್ಲ.

ಪೆಟ್ಟಿಗೆ ಬಿಚ್ಚಿದರೆ ಒಳಗೆ ಬೆಂಕಿಕಡ್ಡಿಯಷ್ಟಗಲದ ಹಿತ್ತಾಳೆ ನಾಲಗೆಗಳು, ಅಂದರೆ ರೀಡುಗಳು, ಸಾಲಾಗಿ ಕೂತಿದ್ದವು. ನಲವತ್ತೆಂಟು ಗುಂಡಿ, ಗುಂಡಿಗೆ ಎರಡು ನಾಲಗೆ, ತಿದಿ ಎಳೆದಾಗ ಒಂದು, ಒತ್ತಿದಾಗ ಒಂದು. ತುದಿ ಉಜ್ಜಿದರೆ ಸ್ವರ ಏರುತ್ತದೆ, ಬುಡ ಉಜ್ಜಿದರೆ ಇಳಿಯುತ್ತದೆ. ಮೂರು ತಿಂಗಳ ಭಾನುವಾರಗಳು ಅದಕ್ಕೇ ಹೋದವು. ಅಡುಗೆಮನೆಯ ಚಾಪೆಯ ಮೇಲೆ ಕುಪ್ಪುಸ್ವಾಮಿ ಅರ ಹಿಡಿದು, ಸೊಣ್ಣಪ್ಪ ತಿದಿ ಹಿಡಿದು ಕೂರುವುದು. ರತ್ನಮ್ಮ ಮೊರದಲ್ಲಿ ಅಕ್ಕಿ ಆರಿಸುತ್ತ ತನ್ನ ಷಡ್ಜ ಹಿಡಿಯುವುದು. ಐದು ಕಟ್ಟೆಗೂ ಸೇರದ, ಐದೂವರೆಗೂ ಸೇರದ ಇಂಥ ಗಂಟಲನ್ನು ದೇವರು ಯಾವ ಪುಸ್ತಕ ನೋಡಿ ಮಾಡಿದನೋ ಎಂದು ಕುಪ್ಪುಸ್ವಾಮಿ ಬೈದುಕೊಳ್ಳುತ್ತ ಉಜ್ಜುವುದು. ಅವಳು ಸಾಕು ಎಂದು ತಲೆಯಾಡಿಸಿದ ಮೇಲೆ ಮುಂದಿನ ಗುಂಡಿ. ಮೊದಲು ಕೂರಿಸಿದ ಷಡ್ಜದ ಗುಂಡಿಯ ಮೂಳೆ ಒತ್ತಿ ಒತ್ತಿ ಹಳದಿ ತಿರುಗಿತು.

ಆಮೇಲೆ ಹನ್ನೆರಡು ವರ್ಷ ಭಜನೆಯಲ್ಲಿ ಅವಳು ಹಾಡಿದಳು, ಅವನು ಶ್ರುತಿ ಹಿಡಿದ. ಅವನಿಗೆ ಸಂಗೀತ ಬರುತ್ತಿತ್ತು ಎನ್ನುವಂತಿಲ್ಲ. ಬರುತ್ತಿದ್ದುದು ನಾಲ್ಕು ಗುಂಡಿ ಮಾತ್ರ. ಉಳಿದ ನಲವತ್ನಾಲ್ಕು ಬಿಟ್ಟಿ ಎಂದು ಪಾಪಕ್ಕ ಆಡಿಕೊಳ್ಳುತ್ತಿದ್ದಳು. ಪಾಪಕ್ಕ ಅವನ ಅಂಗಡಿಯ ಮೆಟ್ಟಿಲ ಮೇಲೆ ಹೂವಿನ ಬುಟ್ಟಿ ಇಟ್ಟುಕೊಂಡು ಕೂರುವವಳು, ಭಜನೆಯಲ್ಲಿ ರತ್ನಮ್ಮನ ಪಕ್ಕ ನಿಂತು ಹಾಡುವವಳು. ಮಕ್ಕಳಾಗದ ಆ ಮನೆಗೆ ಮಾತಿನ ಸದ್ದು ತುಂಬಿಸುವ ಕೆಲಸ ಅವಳದೇ.

ಎಪ್ಪತ್ತೊಂದರಲ್ಲಿ ರತ್ನಮ್ಮನಿಗೆ ಕಾಮಾಲೆಯಾಯಿತು. ಒಂಬತ್ತು ದಿನ ಇದ್ದಳು. ಹತ್ತನೇ ದಿನ ಇರಲಿಲ್ಲ.

ಫೋಟೋ ಒಂದಿತ್ತು, ಮದುವೆಯದು. ಅದರಲ್ಲಿ ಅವಳು ಹೆದರಿದ ಹುಡುಗಿ, ಇಪ್ಪತ್ತು ವರ್ಷ ಬಾಳಿದವಳಲ್ಲ. ಸೀರೆಗಳನ್ನು ಪಾಪಕ್ಕನಿಗೂ ಬಂಗಾರಪೇಟೆಯ ನಾದಿನಿಗೂ ಕೊಟ್ಟಾಯಿತು. ಉಳಿದದ್ದು ಪೆಟ್ಟಿಗೆ. ಸೊಣ್ಣಪ್ಪ ಅದನ್ನು ಕೋಣೆಯಿಂದ ತಂದು ಅಂಗಡಿಯಲ್ಲಿ ತನ್ನ ಗಲ್ಲಾಪೆಟ್ಟಿಗೆಯ ಪಕ್ಕದ ಹಲಗೆಯ ಮೇಲೆ ಇಟ್ಟುಕೊಂಡ. ಬೆಳಿಗ್ಗೆ ಬಾಗಿಲು ತೆಗೆದ ಮೇಲೆ ಒಮ್ಮೆ, ಸಂಜೆ ಮುಚ್ಚುವ ಮುಂಚೆ ಒಮ್ಮೆ ಆ ಹಳದಿ ಗುಂಡಿ ಒತ್ತಿ ತಿದಿಯನ್ನು ನಿಧಾನಕ್ಕೆ ಪೂರ್ತಿ ಎಳೆಯುವನು. ಬೇರೇನನ್ನೂ ನುಡಿಸನು. ಮೆಟ್ಟಿಲ ಮೇಲಿನ ಪಾಪಕ್ಕ ಹೂ ಕಟ್ಟುವುದನ್ನು ನಿಲ್ಲಿಸಿ, ಸ್ವರ ಮುಗಿದ ಮೇಲೆ ಮತ್ತೆ ಕಟ್ಟುವಳು. ಆ ಹೊತ್ತಿನಲ್ಲಿ ಅವಳು ತಮಾಷೆ ಮಾಡುತ್ತಿರಲಿಲ್ಲ.

ಅಂಗಡಿಯಲ್ಲಿಟ್ಟ ವಸ್ತುವನ್ನು ಜನ ಕೇಳಿಯೇ ಕೇಳುತ್ತಾರೆ. ಇಲ್ಲಿ ಸೊಣ್ಣಪ್ಪನ ಬಾಯಿಗೆ ಒಂದು ಬೀಗ ಇತ್ತು. ಅಂಗಡಿಯೊಳಗೆ ಇಲ್ಲ ಎನ್ನುವ ಮಾತು ಆಡಬಾರದು. ಅಕ್ಕಿ ತೀರಿದರೆ ನಾಳೆ ಬರುತ್ತದೆ ಎನ್ನಬೇಕು, ದೀಪ ಆರಿದರೆ ದೊಡ್ಡದಾಯಿತು ಎನ್ನಬೇಕು, ಕೊಡಲು ಮನಸ್ಸಿಲ್ಲದ್ದಕ್ಕೆ ಬೆಲೆ ಜಾಸ್ತಿ ಎನ್ನಬೇಕು. ಆ ಬೀದಿಯ ಎಲ್ಲ ವ್ಯಾಪಾರಿಗಳೂ ಹಾಗೆಯೇ ಬೆಳೆದವರು. ಹಾಗಾಗಿ ಪೆಟ್ಟಿಗೆಯನ್ನು ಯಾರು ಕೇಳಿದರೂ ಅವನು ಒಂದು ಹುಚ್ಚು ಬೆಲೆ ಹೇಳುತ್ತಿದ್ದ. ಲಾರಿ ಮಾಲೀಕ ಬಚ್ಚಪ್ಪನಿಗೆ ಸಾವಿರ ಎಂದ, ಮದರಾಸಿನ ಒಬ್ಬ ದಲ್ಲಾಳಿಗೆ ಎರಡು ಸಾವಿರ ಎಂದ. ಕೇಳಿದವರು ಅರ್ಧಕ್ಕೆ ಕೇಳುವರು, ಇವನು ನಗುವನು, ಅವರು ಬೈದು ಹೋಗುವರು. ಮೂರು ವರ್ಷ ಈ ಉಪಾಯ ಒಂದು ಕೂದಲೂ ಕೊಂಕದೆ ನಡೆಯಿತು. ಚೌಕಾಸಿ ಮಾಡದ ಮನುಷ್ಯನೊಬ್ಬ ಕೋಲಾರದ ಗಣಿಯಲ್ಲಿ ಇರಬಹುದು ಎನ್ನುವುದು ಅವನ ತಲೆಗೆ ಹೊಳೆದಿರಲೇ ಇಲ್ಲ.

ಎಪ್ಪತ್ತನಾಲ್ಕರ ಒಂದು ಬುಧವಾರ ಬೆಳಿಗ್ಗೆ ಅಂಥವನು ಬಂದ. ಹೆಸರು ಚೆನ್ನಕೇಶವ, ಹಾಸನದ ಕಡೆಯವನು, ಫ್ಯಾಕ್ಟರಿಯಲ್ಲಿ ಎಂಜಿನಿಯರು. ಮೂವತ್ತೈದು ವರ್ಷ, ಕನ್ನಡಕ, ಹೊರಗೆ ಸ್ಕೂಟರು. ಸೊಣ್ಣಪ್ಪ ಆಗಷ್ಟೇ ಹಳದಿ ಗುಂಡಿ ಒತ್ತಿ ತಿದಿ ಎಳೆದು ಮುಗಿಸಿದ್ದ. ರಸ್ತೆಯಲ್ಲಿ ಹೋಗುತ್ತಿದ್ದವನು ದನಿ ಕೇಳಿ ಸ್ಕೂಟರ್ ನಿಲ್ಲಿಸಿ ಬಂದೆ ಎಂದ. ಪೆಟ್ಟಿಗೆಯನ್ನು ಎರಡು ಕೈಯಲ್ಲಿ, ಎಳೇ ಮಗುವನ್ನು ಎತ್ತುವ ಹಾಗೆ ಎತ್ತಿಕೊಂಡ. ತಟ್ಟೆಯ ಕೊರೆತ ನೋಡಿದ, ಹೆಬ್ಬೆರಳು ತೂರಿಸುವ ಚರ್ಮದ ಪಟ್ಟಿ ನೋಡಿದ, ಇಂಥದ್ದನ್ನು ಪುಸ್ತಕದಲ್ಲಿ ಮಾತ್ರ ನೋಡಿದ್ದೆ ಎಂದ. ಕೊಡುತ್ತೀರಾ ಎಂದು ಕೇಳಿದ.

ಸೊಣ್ಣಪ್ಪ ಎಂದಿನಂತೆ ಗಲ್ಲಾದ ಮೇಲೆ ಮೊಣಕೈ ಊರಿದ.

"ಕೊಡಾಣ. ಮೂರು ಸಾವ್ರ ಆಗ್ತದೆ ಸ್ವಾಮಿ."

ಮೆಟ್ಟಿಲ ಮೇಲೆ ಪಾಪಕ್ಕ ಕಿಸಕ್ಕೆಂದಳು.

"ಆಗಲಿ" ಎಂದ ಚೆನ್ನಕೇಶವ.

ಬಿರುಗಾಳಿಗೆ ಬಾಗಿಲು ಹಾಕಿಕೊಂಡವನಿಗೆ ಹಿಂದಿನ ಗೋಡೆಯೇ ಬಿದ್ದ ಹಾಗಾಯಿತು. ಆ ಒಂದು ಮಾತಿನ ಒಳಗೆ ಏನಿದೆ ಎನ್ನುವುದು ಸೊಣ್ಣಪ್ಪನಿಗೆ ಗೊತ್ತಾಯಿತು. ತಾನೂ ಒಮ್ಮೆ ಎಲೆ ಅಂಗಡಿಯೆದುರು ಹಾಗೆಯೇ ನಿಂತಿದ್ದವನಲ್ಲವೇ? ಬಾಯಿ ತೆರೆಯುವುದರೊಳಗೆ ಚೆನ್ನಕೇಶವ ನೂರು ರೂಪಾಯಿಯ ಒಂದು ನೋಟು ಗಲ್ಲಾದ ಮೇಲಿಟ್ಟು, ಇದು ಅಡ್ವಾನ್ಸು, ಉಳಿದದ್ದು ಭಾನುವಾರ ತರುತ್ತೇನೆ ಎಂದ. ಇನ್ನು ಮುಂದಿನದನ್ನು ಮಾಡಿದ್ದು ಸೊಣ್ಣಪ್ಪನಲ್ಲ, ಅವನ ಕೈ. ಬೆಳಗಿನ ಮೊದಲ ಕಾಸು ಕಂಡ ಕೂಡಲೇ ಅದು ಮೂವತ್ತು ವರ್ಷದ ರೂಢಿಯಂತೆ ತಾನೇ ಮುಂದೆ ಹೋಯಿತು. ನೋಟನ್ನು ಎತ್ತಿತು, ಎರಡೂ ಕಣ್ಣಿಗೆ ಒತ್ತಿಕೊಂಡಿತು, ಗಲ್ಲಾದೊಳಗೆ ಹಾಕಿತು. ಬೋಣಿಯಾಯಿತು. ಕಣ್ಣಿಗೊತ್ತಿಕೊಂಡ ಬೋಣಿಯನ್ನು ವಾಪಸು ಕೊಟ್ಟ ಅಂಗಡಿ ಆ ಬೀದಿಯಲ್ಲಿರಲಿಲ್ಲ.

ಸ್ಕೂಟರು ಹೋದ ಮೇಲೆ ಪಾಪಕ್ಕ ಎದ್ದು ಬಾಗಿಲಲ್ಲಿ ನಿಂತಳು.

"ಏನ್ ಮಾಡ್ಬುಟ್ಟೆ ಸೊಣ್ಣಪ್ಪಣ್ಣ? ಅಕ್ಕನ್ನೇ ಬೋಣಿ ಮಾಡ್ಬುಟ್ಟಲ್ಲ."

ಅವನು ಬೆಲೆ ಜಾಸ್ತಿ ಹೇಳಿದ್ದೆ ಎಂದ. ಅದೊಂದೇ ಮಾತನ್ನು ಮೂರು ಸಲ ಹೇಳಿದ. ಪಾಪಕ್ಕ ದಾರಿ ಹೇಳಿಕೊಡತೊಡಗಿದಳು. ಕಳುವಾಯಿತು ಅನ್ನು, ಇಲಿ ತಿದಿ ಕಡಿಯಿತು ಅನ್ನು, ಹೆಂಡತಿ ಕನಸಲ್ಲಿ ಬಂದು ಬೈದಳು ಅನ್ನು. ಮೂರನೆಯದು ಸುಳ್ಳೂ ಆಗಲಿಕ್ಕಿಲ್ಲ. ಸೊಣ್ಣಪ್ಪ ಒಪ್ಪಲಿಲ್ಲ. ಹಣದ ಆಸೆಗಲ್ಲ, ಆ ದಿನ ಹಣದ ಮಾತು ಅವನ ತಲೆಯಲ್ಲಿ ಎಲ್ಲೂ ಇರಲಿಲ್ಲ. ಹಳೇ ಸಾಮಾನಿನವನ ಹತ್ತಿರ ಇರುವ ಒಂದೇ ಹೊಸ ಸಾಮಾನು ಅವನ ಮಾತು. ಅದಕ್ಕೂ ಬಿರುಕು ಬಿಟ್ಟರೆ ಅಂಗಡಿಯಲ್ಲಿ ನೆಟ್ಟಗಿರುವುದು ಏನೂ ಉಳಿಯುವುದಿಲ್ಲ.

ಗುರುವಾರ ಪೆಟ್ಟಿಗೆ ಹಿಡಿದು ಕೋರಮಂಡಲ್ಲಿಗೆ ನಡೆದ. ಸ್ವರವೊಂದನ್ನು ಉಳಿಸಿಕೊಳ್ಳುವುದು ಅವನ ಯೋಚನೆ. ಪೆಟ್ಟಿಗೆ ಹೋಗಲಿ, ಆ ಹಳದಿ ಗುಂಡಿಯ ಸ್ವರಕ್ಕೆ ಸರಿಯಾಗಿ ಬೇರೊಂದು ರೀಡನ್ನು ಕುಪ್ಪುಸ್ವಾಮಿ ಕೂರಿಸಿಕೊಟ್ಟರೆ ಸಾಕು, ಊದಿಕೊಂಡು ಬದುಕುತ್ತೇನೆ. ಆದರೆ ಮಿಲ್ಲಿನಲ್ಲಿ ಕಲ್ಲು ಕುಟ್ಟುವ ಯಂತ್ರಗಳ ಪಕ್ಕ ಮೂವತ್ತು ವರ್ಷ ನಿಂತ ಕುಪ್ಪುಸ್ವಾಮಿಯ ಕಿವಿ ಅಷ್ಟು ಹೊತ್ತಿಗೆ ಪೂರ್ತಿ ಹೋಗಿತ್ತು. ಪಿಂಚಣಿ ತೆಗೆದುಕೊಂಡು ಬಾಗಿಲಲ್ಲಿ ಕೂತು ರಸ್ತೆ ನೋಡುತ್ತಿದ್ದ. ಸೊಣ್ಣಪ್ಪ ಕಿವಿಗೆ ಬಾಯಿಟ್ಟು ಕೂಗಿ ವಿಷಯ ತಿಳಿಸುವ ಹೊತ್ತಿಗೆ ಇಡೀ ಲೈನಿಗೆ ತಿಳಿಯಿತು.

ಆದರೂ ಕುಪ್ಪುಸ್ವಾಮಿ ಅರ ತೆಗೆದ. ಟ್ರಂಕಿನಲ್ಲಿ ಹಳೇ ಹಾರ್ಮೋನಿಯಂನ ಮೂರು ರೀಡು ಉಳಿದಿದ್ದವು. ಕೈ ಅವನದು, ಕಿವಿ ಸೊಣ್ಣಪ್ಪನದು. ಉಜ್ಜಿ ಊದುವನು, ಸೊಣ್ಣಪ್ಪ ಗುಂಡಿ ಒತ್ತಿ ಎರಡನ್ನೂ ಕೇಳಿ ಬೆರಳು ಮೇಲೆ ಮಾಡುವನು, ಇಲ್ಲ ಕೆಳಗೆ ಮಾಡುವನು. ಮೊದಲನೆಯದು ಹತ್ತಿರ ಬಂದು ದಾಟಿ ಹೋಯಿತು, ಮತ್ತೆ ಇಳಿಸಲು ಹೋದಾಗ ಬುಡದಲ್ಲಿ ಮುರಿಯಿತು. ಎರಡನೆಯದೂ ಮುರಿಯಿತು. ಮೂರನೆಯದು ಇನ್ನೇನು ಸೇರಿತು ಎನ್ನುವಾಗ ಸೊಣ್ಣಪ್ಪನಿಗೇ ಗೊಂದಲವಾಯಿತು. ಬೆರಳು ಮೇಲೆ ಮಾಡಬೇಕೋ ಕೆಳಗೆ ಮಾಡಬೇಕೋ ತಿಳಿಯದೆ ಕೈ ನಡುವೆ ನಿಂತಿತು. ಅದನ್ನು ಮೇಲೆ ಎಂದುಕೊಂಡ ಕುಪ್ಪುಸ್ವಾಮಿ ಇನ್ನೆರಡು ಸಲ ಉಜ್ಜಿದ. ಆ ನಾಲಗೆ ಕಾಗದಕ್ಕಿಂತ ತೆಳ್ಳಗಾಗಿ ಹೋಗಿತ್ತು. ಊದಿದರೆ ಗಾಳಿ ಮಾತ್ರ ಬಂತು.

ಕುಪ್ಪುಸ್ವಾಮಿ ಅರವನ್ನು ಬಟ್ಟೆಯಲ್ಲಿ ಸುತ್ತಿಟ್ಟ.

"ಡೇ ಸೊಣ್ಣಪ್ಪಾ, ಅವತ್ತು ನಾವು ಮೂರು ಜನ ಇದ್ವಿ. ನನ್ ಕೈ, ನಿನ್ ತಿದಿ, ಆಯಮ್ಮನ ಗಂಟ್ಲು. ಸಾಕು ಅಂತ ಏಳ್ತಿದ್ದೋಳು ಆಯಮ್ಮ. ಈಗ ಸಾಕು ಅನ್ನೋರು ಯಾರಪ್ಪಾ?"

ದಾರಿಯುದ್ದಕ್ಕೂ ಸೊಣ್ಣಪ್ಪ ಪೆಟ್ಟಿಗೆಯನ್ನು ಎದೆಗವುಚಿಕೊಂಡೇ ಬಂದ. ಬಜಾರಿನ ತಿರುವಿಗೆ ಬರುವಾಗ ಅವನೊಳಗಿನ ವ್ಯಾಪಾರಿ ಎಚ್ಚೆತ್ತ. ಮಾರುವವನು ಕೊಟ್ಟ ಮಾತನ್ನು ಮುರಿಯುವಂತಿಲ್ಲ ನಿಜ. ಆದರೆ ಮಾಲು ಕೈಬದಲಾಗುವ ಮುಂಚೆ ಅದರ ದೋಷ ಹೇಳಿದರೆ, ಕೊಳ್ಳುವವನು ಬೇಡವೆಂದು ಬೋಣಿ ವಾಪಸು ಪಡೆಯಬಹುದು. ಅದರಲ್ಲಿ ಅಂಗಡಿಗೆ ಮುಕ್ಕಿಲ್ಲ, ಅದು ಗಿರಾಕಿಯ ಹಕ್ಕು. ಈ ಪೆಟ್ಟಿಗೆಯಲ್ಲಿ ದೋಷವೋ, ಒಂದಲ್ಲ, ತೊಂಬತ್ತಾರು ಇವೆ. ಒಂದೊಂದು ನಾಲಗೆಯನ್ನೂ ಅರದಿಂದ ಉಜ್ಜಿ ಕೆಡಿಸಿದೆ. ಹಳೇ ವಸ್ತುವಿನ ಮೇಲೆ ಅಷ್ಟು ಭಕ್ತಿಯಿರುವ ಎಂಜಿನಿಯರು ಇದನ್ನು ಕೇಳಿದರೆ ಕೈ ಮುಗಿದು ಹೋಗುತ್ತಾನೆ. ಎರಡು ದಿನದಲ್ಲಿ ಮೊದಲ ಸಲ ಸೊಣ್ಣಪ್ಪ ಸರಿಯಾಗಿ ಊಟ ಮಾಡಿದ. ಶುಕ್ರವಾರ, ಶನಿವಾರ ಎರಡು ದಿನವೂ ಆ ಮಾತನ್ನು ಹೇಗೆ ಹೇಳಬೇಕೆಂದು ಬಾಯಲ್ಲೇ ಒಪ್ಪ ಮಾಡಿಕೊಂಡ.

ಭಾನುವಾರ ಹತ್ತು ಗಂಟೆಗೆ ಚೆನ್ನಕೇಶವ ಬಂದ. ಬೆವರಿ ಅಂಗಿ ಬೆನ್ನಿಗೆ ಅಂಟಿತ್ತು. ಸ್ಕೂಟರ್ ಎಲ್ಲಿ ಎಂದು ಸೊಣ್ಣಪ್ಪ ಕೇಳಿದ. ಮಾರಿದೆ ಎಂದ ಚೆನ್ನಕೇಶವ, ಆರು ವರ್ಷ ಬುಕ್ ಮಾಡಿ ಕಾದು ಪಡೆದ ಸ್ಕೂಟರನ್ನು ಒಂದು ಕೊಡೆ ಮಾರಿದವನಷ್ಟು ಹಗುರಾಗಿ. ಸ್ಕೂಟರ್ ಇನ್ನೊಂದು ಸಿಗುತ್ತದೆ, ಇದು ಸಿಗುವುದಿಲ್ಲ ಎಂದು ನಕ್ಕ. ಸೊಣ್ಣಪ್ಪನಿಗೆ ಅವನ ಮೇಲೆ ಸಿಟ್ಟು ಮಾಡಿಕೊಳ್ಳಲು ಇದ್ದ ಒಂದು ದಾರಿಯೂ ಮುಚ್ಚಿತು.

ಅವನು ಪೆಟ್ಟಿಗೆಯನ್ನು ಮುಂದಿಟ್ಟು, ತಗೊಳ್ಳುವ ಮುಂಚೆ ದೋಷ ಹೇಳಿಬಿಡಬೇಕು ಎಂದ. ಕುರ್ಚಿಯ ಕಾಲು ಅಲ್ಲಾಡಿಸುವಾಗಿನ ದನಿಯಲ್ಲೇ ಹೇಳಲು ಹೊರಟ. ಇದರ ರೀಡುಗಳು ಮೊದಲಿದ್ದ ಹಾಗಿಲ್ಲ, ಎಲ್ಲವನ್ನೂ ಉಜ್ಜಿಸಿದ್ದೇನೆ, ದೊರೆಗಳ ಲೆಕ್ಕಕ್ಕೆ ಒಂದೂ ಸರಿಯಿಲ್ಲ, ನನ್ನ ಹೆಂಡತಿಯ ಗಂಟಲಿಗೆ ಕೂರಿಸಿದ್ದು, ಬೇರೆ ಯಾವ ವಾದ್ಯದ ಜೊತೆಗೂ ಇದು ಸೇರುವುದಿಲ್ಲ. ಹಳೇ ಮಾಲಿನ ಬೆಲೆ ಗೊತ್ತಿರುವವರು ಇಂಥದ್ದನ್ನು ಮುಟ್ಟುವುದಿಲ್ಲ ಸ್ವಾಮಿ, ಬೇಕಾದರೆ ನಿಮ್ಮ ನೂರು ರೂಪಾಯಿ ತಗೊಂಡು ಹೋಗಿ ಎಂದು ಗಲ್ಲಾ ತೆಗೆದೇಬಿಟ್ಟ.

ಚೆನ್ನಕೇಶವ ಚೀಲದಿಂದ ಸ್ವರ ಸರಿನೋಡುವ ಒಂದು ಕಬ್ಬಿಣದ ಕವಲುಕಡ್ಡಿ ತೆಗೆದು ಮಂಡಿಗೆ ತಟ್ಟಿ ಕಿವಿಗೆ ಹಿಡಿದ. ಗುಂಡಿಗಳನ್ನು ಒಂದೊಂದಾಗಿ ಒತ್ತಿ ನೋಡಿದ. ಅವನ ಮುಖ ಅರಳುತ್ತ ಹೋಯಿತು.

"ನೀವು ಹೇಳದಿದ್ದರೆ ನನಗೆ ಗೊತ್ತೇ ಆಗುತ್ತಿರಲಿಲ್ಲ. ಬೇರೆಯವರಾಗಿದ್ದರೆ ಮುಚ್ಚಿಡೋರು. ಚಿಂತೆ ಬೇಡಿ, ಮದರಾಸಿನಲ್ಲಿ ಒಬ್ಬರಿದ್ದಾರೆ, ತೊಂಬತ್ತಾರನ್ನೂ ಮೊದಲಿದ್ದ ಹಾಗೇ ಮಾಡಿಕೊಡ್ತಾರೆ. ನಾಳೆಯೇ ಕಳಿಸ್ತೀನಿ."

ಮೆಟ್ಟಿಲ ಮೇಲೆ ಪಾಪಕ್ಕನ ಕೈಯಲ್ಲಿದ್ದ ದಾರ ಹಾಗೇ ನಿಂತಿತು.

ದೋಷ ಹೇಳಿ ಸಾಮಾನು ಮಾರುವ ವಿದ್ಯೆ ಎಂದಿನಂತೆಯೇ ಕೆಲಸ ಮಾಡಿತ್ತು. ಬಾಯಿ ಮುಚ್ಚಿಕೊಂಡಿದ್ದರೆ ಪೆಟ್ಟಿಗೆ ಚೆನ್ನಕೇಶವನ ಮನೆಯಲ್ಲಾದರೂ ಅದೇ ದನಿಯಲ್ಲಿ ಇರುತ್ತಿತ್ತು. ಯಾವತ್ತೋ ಒಂದು ದಿನ ಫ್ಯಾಕ್ಟರಿ ಕ್ವಾರ್ಟರ್ಸಿನ ಕಾಂಪೌಂಡಿನ ಆಚೆ ನಿಂತು ಕೇಳಿಸಿಕೊಳ್ಳಬಹುದಿತ್ತು. ಸೊಣ್ಣಪ್ಪ ಗಲ್ಲಾ ಮುಚ್ಚಿದ. ಮಾರಿದ ಮಾಲಿನ ಬಗ್ಗೆ ಮಾತಾಡುವ ಹಕ್ಕು ಮಾರಿದವನಿಗಿಲ್ಲ ಎಂದು ಎಷ್ಟೋ ಜನಕ್ಕೆ ತಾನೇ ಹೇಳಿದ್ದವನು, ಕೈಯನ್ನು ಹಲಗೆಯ ಮೇಲೆ ಊರಿ ನಿಂತು ಕೇಳಿದ.

"ಸ್ವಾಮಿ, ಒಂದು ಮಾತು. ನಲವತ್ತೇಳು ಸರಿ ಮಾಡ್ಸ್ಕೊಳ್ಳಿ. ಈ ಹಳದಿ ಗುಂಡಿ ಒಂದನ್ನ ಬುಟ್ಬುಡಿ. ಇದ್ದಂಗೆ ಇರ್ಲಿ."

ಚೆನ್ನಕೇಶವ ಒಳ್ಳೆಯ ಮನುಷ್ಯ, ಸುಳ್ಳು ಹೇಳಿ ಸಮಾಧಾನ ಮಾಡುವ ಅಭ್ಯಾಸ ಇರಲಿಲ್ಲ. ಗುಂಡಿ ಒತ್ತಿದ, ಇನ್ನೊಮ್ಮೆ ಕೇಳಿದ.

"ಬಿಡಬಹುದು. ಆದರೆ ಉಳಿದದ್ದೆಲ್ಲ ಸರಿಯಾದ ಮೇಲೆ ಇದೊಂದು ಅಪಸ್ವರ ಆಗಿಬಿಡುತ್ತಲ್ಲ ಯಜಮಾನರೇ. ನುಡಿಸಿದಾಗಲೆಲ್ಲ ಕೇಳಿದವರು ಇದೇನು ಕೆಟ್ಟ ಸ್ವರ ಅಂತಾರೆ."

ಹನ್ನೆರಡು ವರ್ಷದಲ್ಲಿ ಒಂದು ಶನಿವಾರವೂ ರತ್ನಮ್ಮ ಅಪಸ್ವರ ಹಾಡಿದವಳಲ್ಲ. ಸೊಣ್ಣಪ್ಪ ಹಲಗೆಯ ಮೇಲೆ ಊರಿದ್ದ ಕೈ ತೆಗೆದ.

"ಅಂಗಾದ್ರೆ ಬ್ಯಾಡಿ. ಎಲ್ಲಾ ಸರಿ ಮಾಡ್ಸ್ಬುಡಿ" ಎಂದ.

ದುಡ್ಡು ಎಣಿಸಿಕೊಳ್ಳಲಿಲ್ಲ. ಒಂದು ಸಲ ಒತ್ತಿ ಕೊಡುತ್ತೇನೆ ಎಂದು ಪೆಟ್ಟಿಗೆ ತೆಗೆದುಕೊಂಡ. ಹಳದಿ ಗುಂಡಿ ಒತ್ತಿ ತಿದಿಯನ್ನು ನಿಧಾನಕ್ಕೆ ಪೂರ್ತಿ ಎಳೆದ, ನಿಧಾನಕ್ಕೆ ಪೂರ್ತಿ ಒತ್ತಿದ. ಆ ಸ್ವರ ನಿಲ್ಲುವ ಮುಂಚೆಯೇ ಅದನ್ನು ತನ್ನ ಗಂಟಲಿನಲ್ಲಿ, ತಗ್ಗಿನಲ್ಲಿ, ಬಾಯಿ ಮುಚ್ಚಿಕೊಂಡೇ ಹಿಡಿದ. ಹಿಡಿದ ಸ್ವರವನ್ನು ಬಿಡದೆ ಪೆಟ್ಟಿಗೆಯನ್ನು ಎರಡೂ ಕೈಯಿಂದ ಕೊಟ್ಟ. ಚೆನ್ನಕೇಶವ ಅದನ್ನು ಟವಲಿನಲ್ಲಿ ಸುತ್ತಿ ಚೀಲದಲ್ಲಿಟ್ಟು ನಮಸ್ಕಾರ ಮಾಡಿದ. ಸೊಣ್ಣಪ್ಪ ತಲೆಯಾಡಿಸಿದ. ಮೂಗಿನಲ್ಲಿ ಚಟ್ಟನೆ ಉಸಿರೆಳೆದುಕೊಂಡು ಮತ್ತೆ ಅದೇ ಸ್ವರ ಹಿಡಿದ.

ಮಾತಾಡಿದರೆ ಸ್ವರ ಜಾರುತ್ತದೆ ಎನ್ನುವುದು ಪಾಪಕ್ಕನಿಗೆ ಅರ್ಥವಾಯಿತು. ಬಂದವರೊಡನೆ ಹೂವಿನ ವ್ಯಾಪಾರವನ್ನೂ ಸನ್ನೆಯಲ್ಲೇ ಮಾಡಿದಳು. ಹನ್ನೊಂದಾಯಿತು, ಹನ್ನೊಂದೂವರೆಯಾಯಿತು. ಸೊಣ್ಣಪ್ಪ ನೀರು ಕುಡಿಯಲಿಲ್ಲ, ಗಲ್ಲಾದ ಹಿಂದೆ ಕಣ್ಣು ಮುಚ್ಚಿ ಕೂತು ಗುಂಯ್ಯೆನ್ನುತ್ತಿದ್ದ. ಹಾಗೆ ಎಷ್ಟು ದಿನ ಇರಬಹುದೆಂದು ಅವನು ಎಣಿಸಿರಲಿಲ್ಲ.

ಹನ್ನೆರಡರ ಹೊತ್ತಿಗೆ ಒಬ್ಬ ಹೆಣ್ಣುಮಗಳು ಬಂದಳು. ಮಗಳ ಮದುವೆಗೆ ಕನ್ನಡಿ ಬೇಕಿತ್ತು. ಅಂಡಾಕಾರದ ಒಂದನ್ನು ಆರಿಸಿಕೊಂಡು ಬೆಲೆ ಕೇಳಿದಳು. ಪಾಪಕ್ಕ ಎದ್ದು ಬಂದು ತಾನೇ ಬೆಲೆ ಹೇಳಿದಳು, ತಾನೇ ಎರಡು ರೂಪಾಯಿ ಇಳಿಸಿದಳು. ಹೆಂಗಸು ಒಪ್ಪಿದಳು, ಆದರೆ ಕನ್ನಡಿಯನ್ನು ಎತ್ತಿಕೊಳ್ಳಲಿಲ್ಲ. ಶುಭಕಾರ್ಯಕ್ಕೆ ಕೊಳ್ಳುತ್ತಿರುವುದು, ಇದು ಹೆಂಗಸು ಸತ್ತ ಮನೆಯದಲ್ಲ ತಾನೇ ಎಂದು ಕೇಳಿದಳು. ಪಾಪಕ್ಕನಿಗೆ ಗೊತ್ತಿರಲಿಲ್ಲ. ಗೊತ್ತಿದ್ದವನು ಒಬ್ಬನೇ. ಹೆಂಗಸು ಅವನ ಕಡೆಗೆ ತಿರುಗಿ ಮತ್ತೆ ಕೇಳಿದಳು. ಸೊಣ್ಣಪ್ಪ ತಲೆಯಾಡಿಸಿದ, ಅದು ಹೌದೋ ಅಲ್ಲವೋ ಅವಳಿಗೆ ತಿಳಿಯಲಿಲ್ಲ. ಅವಳ ಮುಖ ಬಾಡತೊಡಗಿತು. ಮಗಳ ಮದುವೆಯ ಮಾತು.

"ಬಂಗ್ಲೆದು ಕಣಮ್ಮ, ಅಂಥದ್ದೇನಲ್ಲ. ತಗೊಂಡೋಗು, ಒಳ್ಳೇದಾಗ್ತದೆ" ಎಂದ ಸೊಣ್ಣಪ್ಪ.

ಹೆಂಗಸು ಕನ್ನಡಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಹೋದಳು. ಸೊಣ್ಣಪ್ಪ ಉಸಿರೆಳೆದು ಬಾಯಿ ಮುಚ್ಚಿ ಸ್ವರ ಹಿಡಿಯಲು ಹೋದ. ಒಂದು ಸ್ವರ ಬಂತು. ಅದನ್ನು ಕೇಳಿಸಿಕೊಂಡ. ಸ್ವಲ್ಪ ಇಳಿಸಿದ.

"ಇದೇನಾ ಪಾಪಕ್ಕ?"

ಹನ್ನೆರಡು ವರ್ಷ ರತ್ನಮ್ಮನ ಪಕ್ಕದಲ್ಲಿ ನಿಂತು ಹಾಡಿದ್ದ ಪಾಪಕ್ಕ ಒಂದು ಗಳಿಗೆ ಕಣ್ಣು ಮುಚ್ಚಿದಳು.

"ಅದೇ ಕಣಣ್ಣ."

ಅವನು ಇನ್ನೊಂದಿಷ್ಟು ಏರಿಸಿ ಬೇರೆ ಸ್ವರ ಹಿಡಿದ, ಅವಳ ಕಡೆ ನೋಡಿದ.

"ಅದೇ" ಎಂದಳು ಪಾಪಕ್ಕ, ಬುಟ್ಟಿಯೊಳಗೆ ನೋಡುತ್ತ.